ಬಾವುಟ ಕಟ್ಟಿದ್ದೇ ಗುನ್ನೆ ಆಗಿದ್ದ ಕಾಲ!

ಕೆ.ಜಿ.ಎಫ್.ನ ನಂದಿದುರ್ಗದಲ್ಲಾಗಲಿ, ಬಂಗಾರಪೇಟೆ ಬಜಾರಿನಲ್ಲಾಗಲಿ ಬಾವುಟಕ್ಕೆ ಅವಮಾನವಾಯಿತು ಅಂದರೆ ಸಾಕು, "ಒಳಗೆ ಹಾಕ್ರೀ" ಅನ್ನುವವರೇ ಎಲ್ಲ. ಕಾನೂನು ಏನು ಹೇಳುತ್ತೆ ಅಂತ ಕೇಳುವವರು ಕಡಿಮೆ.

ಹಳೆಯದೊಂದು ನೆನಪಿರಲಿ. ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಕಾಂಗ್ರೆಸ್ ಬಾವುಟದ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಅಂತ ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜತೆ ರಾಜಿ ಮಾಡಿಸಿದರು. ಮೈಸೂರು ಬಾವುಟದ ಪಕ್ಕ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು.

ಈಗಿರುವುದು 1971ರ ಕಾಯಿದೆ. ಸಾರ್ವಜನಿಕವಾಗಿ ರಾಷ್ಟ್ರಧ್ವಜ ಸುಟ್ಟರೆ, ತುಳಿದರೆ, ಮಾತಿನಲ್ಲೇ ಹೀಯಾಳಿಸಿದರೂ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಲಮಿನ ಕೆಳಗೆ ಇನ್ನೊಂದು ಮಾತಿದೆ: ಸಂವಿಧಾನವನ್ನೋ ಧ್ವಜವನ್ನೋ ಸರ್ಕಾರದ ಕ್ರಮವನ್ನೋ ಕಾನೂನುಬದ್ಧವಾಗಿ ಬದಲಾಯಿಸಬೇಕೆಂದು ಟೀಕಿಸಿದರೆ ಅದು ಅಪರಾಧವಲ್ಲ. ಧ್ವಜ ಗೌರವದಿಂದ ಹಾರಿಸುವುದೂ ವಾಕ್‌ಸ್ವಾತಂತ್ರ್ಯವೇ ಅಂತ ಸುಪ್ರೀಂ ಕೋರ್ಟು 2004ರಲ್ಲಿ ನವೀನ್ ಜಿಂದಾಲ್ ಕೇಸಿನಲ್ಲಿ ಹೇಳಿದೆ. ಅಮೆರಿಕದ ಸುಪ್ರೀಂ ಕೋರ್ಟಂತೂ 1989ರಲ್ಲಿ, ಪ್ರತಿಭಟನೆಗೆ ಧ್ವಜ ಸುಟ್ಟವನನ್ನೂ ಶಿಕ್ಷಿಸುವಂತಿಲ್ಲ ಅಂದಿತು. ನಮ್ಮಲ್ಲಿ ಅಷ್ಟು ಸಡಿಲವಿಲ್ಲ.

ಟೀಕೆ ಎಲ್ಲಿ ಮುಗಿಯಿತು, ಅವಮಾನ ಎಲ್ಲಿ ಶುರುವಾಯಿತು? ಮೊದಲು ಗೆರೆ ಎಳೆಯುವುದು ಠಾಣೆ. ಕೋರ್ಟು ಬರುವುದು ಆಮೇಲೆ. ಠಾಣೆಗೆ ಓಡುವ ಮುಂಚೆ ಆ ಕಲಮನ್ನು ಪೂರ್ತಿ ಓದಿ ಸ್ವಾಮಿ. ವಿದುರಾಶ್ವತ್ಥದಲ್ಲಿ ಜನ ಸತ್ತದ್ದು ಬಾವುಟಕ್ಕೂ ಹೌದು, ಬಾಯಿಗೂ ಹೌದು.