ಈರೀ ಸರೋವರದ ಕರಿಜೌಗು

ಅಮೆರಿಕಾ ಸಂಯುಕ್ತ ಸಂಸ್ಥಾನದ ಭೂಪಟದಲ್ಲಿ ಉತ್ತರದಂಚಿಗಿರುವ ಐದು ಮಹಾಸರೋವರಗಳನ್ನು ಕೇಳುಗರು ನೋಡಿಯೇ ಇರುತ್ತಾರೆ. ಅವುಗಳಲ್ಲಿ ಅತ್ಯಂತ ಆಳ ಕಡಮೆಯಾದುದು ಈರೀ. ಅದರ ಪಶ್ಚಿಮದ ತುದಿಯ ಬಯಲಿನಲ್ಲಿ, ಒಹಾಯೋ ಸೀಮೆಯೊಳಗೆ, ಸುಮಾರು 1,500 ಚದರ ಮೈಲಿಗಳಷ್ಟು ವಿಸ್ತಾರವಾದ ಜೌಗುಗಾಡೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇದ್ದಿತು. ಬಿಳಿಯ ವಲಸೆಗಾರರು ಇದಕ್ಕೆ ಮಹಾ ಕರಿಜೌಗು ಎಂಬರ್ಥದ ಹೆಸರನ್ನಿಟ್ಟರು. ಹಿಮಯುಗದ ಅಂತ್ಯದಲ್ಲಿ ಸರೋವರವು ಈಗಿರುವುದಕ್ಕಿಂತ ಬಹು ದೂರ ಹರಡಿದ್ದಿತು. ನೀರು ಹಿಂದೆಗೆದಾಗ ಬಯಲಾದ ಅದರ ತಳವೇ ಈ ನೆಲ. ಇಳಿಜಾರಿಲ್ಲ, ಜೇಡಿಮಣ್ಣಿನೊಳಕ್ಕೆ ನೀರು ಸುಲಭವಾಗಿ ಇಂಗುವುದೂ ಇಲ್ಲ. ಆದುದರಿಂದ ವರ್ಷದಲ್ಲಿ ಎಷ್ಟೋ ತಿಂಗಳು ಮರಗಳ ಬುಡದಲ್ಲಿ ನೀರು ನಿಂತಿರುತ್ತಿತ್ತು.

ಆ ಕಾಡಿನ ಸ್ವರೂಪವನ್ನು ನಾವಿಂದು ಬಲ್ಲೆವಾದರೆ, ಅದಕ್ಕೆ ಕಾರಣರು ಅದನ್ನು ತುಂಡುಮಾಡಿ ಮಾರುವುದಕ್ಕೋಸ್ಕರ ಅಳೆಯಬಂದವರು. 1817ರ ಫೋರ್ಟ್ ಮೀಗ್ಸ್ ಒಪ್ಪಂದದಿಂದ ವಯಾಂಡಾಟ್, ಆಟವಾ ಮೊದಲಾದ ಮೂಲನಿವಾಸಿ ಜನಾಂಗಗಳು ಈ ಪ್ರಾಂತವನ್ನು ಬಿಟ್ಟುಕೊಡಬೇಕಾಯಿತು. ತರುವಾಯ ಸರ್ಕಾರದ ಮೋಜಣಿದಾರರು ದಿಕ್ಸೂಚಿಯನ್ನು ಹಿಡಿದು, ಕೆಸರು ನೀರುಗಳಲ್ಲಿ 66 ಅಡಿಯ ಸರಪಣಿಯನ್ನೆಳೆಯುತ್ತ, ನೆಲವನ್ನು ಒಂದೊಂದು ಚದರ ಮೈಲಿಯ ಮನೆಗಳಾಗಿ ವಿಭಾಗಿಸಿದರು. (ನಮ್ಮ ಒಂದು ಗುಂಟೆಯ ಬದಿ 33 ಅಡಿ, ಅದರ ಎರಡರಷ್ಟು ಆ ಸರಪಣಿ.) ಪ್ರತಿಯೊಂದು ಮೂಲೆಗೂ ಒಂದು ಗೂಟವನ್ನು ನೆಡತಕ್ಕದ್ದು, ಗೂಟ ಕೊಳೆತುಹೋದರೂ ಗುರುತು ಸಿಕ್ಕುವಂತೆ ಸಮೀಪದ ಮರಗಳಿಗೆ ಗಾಯಮಾಡಿ, ಅವುಗಳ ಜಾತಿ, ವ್ಯಾಸ, ದಿಕ್ಕು, ದೂರ ಇಷ್ಟನ್ನೂ ಪುಸ್ತಕದಲ್ಲಿ ಬರೆಯತಕ್ಕದ್ದು. ಇವಕ್ಕೆ ಸಾಕ್ಷಿವೃಕ್ಷಗಳೆಂದು ಹೆಸರು. ಸಾಕ್ಷಿಗಳೆಲ್ಲವೂ ಕೊಡಲಿಗೆ ತುತ್ತಾದ ಮೇಲೆ, 1920ರ ದಶಕದಲ್ಲಿ, ಪಾಲ್ ಸಿಯರ್ಸ್ ಎಂಬ ಸಸ್ಯವಿಜ್ಞಾನಿಯು ಈ ಹಳೆಯ ಪುಸ್ತಕಗಳ ಆಧಾರದಿಂದಲೇ ಒಹಾಯೋವಿನ ಮೂಲಾರಣ್ಯದ ನಕ್ಷೆಯನ್ನು ರಚಿಸಿದನು. ಮೋಜಣಿದಾರನು ಗಾಯ ಮಾಡಲು ಅನುಕೂಲವಾದ ಮರವನ್ನೇ ಆರಿಸಿದ್ದರೂ ಆರಿಸಿರಬಹುದು. ಆದಕಾರಣ ಇಂತಹ ಲೆಕ್ಕವನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಓದಬೇಕು. ಹಾಗಿದ್ದರೂ ಎಲ್ಮ್, ಆಶ್ ಎಂಬ ಎರಡು ಮರಗಳು ಈ ಜೌಗಿನಲ್ಲಿ ಪ್ರಧಾನವಾಗಿದ್ದುವೆಂಬುದರಲ್ಲಿ ಸಂದೇಹವಿಲ್ಲ. 1966ರಲ್ಲಿ ರಾಬರ್ಟ್ ಗಾರ್ಡನ್ ಪ್ರಕಟಿಸಿದ ನಕ್ಷೆಯಲ್ಲಿಯೂ ಈ ಬಗೆಯ ಕಾಡಿಗೆ ಆ ಎರಡು ಮರಗಳ ಹೆಸರೇ ಇದೆ.

ಕಾಡು ಹೋದುದು ಕೊಡಲಿಯೊಂದರಿಂದಲೇ ಅಲ್ಲ. 1859ರಲ್ಲಿ ಕಾಲುವೆಗಳ ವಿಷಯವಾಗಿ ಒಂದು ಶಾಸನವಾಯಿತು. ಆಮೇಲೆ ಹೊಲಗಳ ಅಡಿಯಲ್ಲಿ ಸುಟ್ಟಮಣ್ಣಿನ ಕೊಳವೆಗಳನ್ನು ಹೂಳಿ ನೀರನ್ನು ಬಸಿಯತೊಡಗಿದರು. ಕೊಳವೆಗಳಿಗೆ ಬೇಕಾದ ಜೇಡಿಯನ್ನು ಹೊರಗಿನಿಂದ ತರಬೇಕಾಗಿರಲಿಲ್ಲ. ಜೌಗಿನ ಮಣ್ಣೇ ಜೌಗನ್ನು ಒಣಗಿಸಿತು. ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಉತ್ತಮವಾದ ಬೆಳೆಭೂಮಿ ಸಿದ್ಧವಾಗಿದ್ದಿತು. ಚಳಿಜ್ವರದಿಂದ ನರಳುತ್ತಿದ್ದ ರೈತರು ಹಾಗೆ ಮಾಡಿದುದನ್ನು ನಾವು ಇಲ್ಲಿ ಕುಳಿತು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ.

ಆದರೆ ಆ ಕಾಡು ಮಾಡುತ್ತಿದ್ದ ಒಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸರೋವರಕ್ಕೆ ಹೋಗುವ ನೀರನ್ನು ಅದು ತಡೆದು ನಿಲ್ಲಿಸಿ, ಹೂಳನ್ನು ತನ್ನಲ್ಲಿ ಉಳಿಸಿಕೊಳ್ಳುತ್ತಿತ್ತು. ಈಗ ಮಳೆನೀರು ಹೊಲದ ಗೊಬ್ಬರದಲ್ಲಿನ ರಂಜಕವನ್ನು ಹೊತ್ತು ಕೊಳವೆಗಳ ಮೂಲಕ ಮಾಮೀ ನದಿಗೂ ಅಲ್ಲಿಂದ ಈರೀಗೂ ಬೇಗನೆ ಸೇರುತ್ತದೆ. ಬೇಸಗೆಯಲ್ಲಿ ನೀರಿನ ಮೇಲೆ ವಿಷದ ಪಾಚಿ ಹಬ್ಬುತ್ತದೆ. 2014ರ ಆಗಸ್ಟಿನಲ್ಲಿ ಟೊಲೀಡೋ ನಗರದ ನಲ್ಲಿಗಳಿಗೆ ಆ ವಿಷ ಬಂದು, ನಾಲ್ಕು ಲಕ್ಷ ಮಂದಿ ಸುಮಾರು ಮೂರು ದಿನ ಕುಡಿಯುವ ನೀರಿಲ್ಲದಾದರು. ಕುದಿಸಿ ಕುಡಿಯೋಣವೆಂದರೆ, ಈ ವಿಷವು ಕುದಿಸಿದರೆ ನಾಶವಾಗತಕ್ಕದ್ದಲ್ಲ. ನೀರು ಬತ್ತಿದಷ್ಟೂ ಅದು ಹೆಚ್ಚು ಸಾಂದ್ರವಾಗುತ್ತದೆ.

ಉಳಿದಿರುವುದು ಕೆಲವು ತುಣುಕುಗಳು. 1966ರಲ್ಲಿ ಒಹಾಯೋ ಸರ್ಕಾರವು ಕೊಂಡು ಕಾಪಾಡಿದ ಗಾಲ್ ವನ ಒಂದು. ಟೊಲೀಡೋವಿಗೆ ಮಗ್ಗುಲಲ್ಲಿ, ಸರೋವರದ ದಡಕ್ಕೆ ಸಮೀಪದಲ್ಲಿರುವ ಪಿಯರ್‌ಸನ್ ಉದ್ಯಾನದ ಕಾಡು ಇನ್ನೊಂದು. ಇವುಗಳ ಎಲ್ಲೆಯನ್ನು ನಕ್ಷೆಯಲ್ಲಿ ಖಚಿತವಾಗಿ ಗುರುತಿಸಬಹುದು, ಬೇಲಿಯನ್ನೂ ಹಾಕಬಹುದು. ಆದರೆ ಎಲ್ಮ್ ಮರಗಳನ್ನು ಕೊಲ್ಲುವ ಶಿಲೀಂಧ್ರವು 1930ರಲ್ಲಿಯೇ ಒಹಾಯೋವಿನಲ್ಲಿ ಕಾಣಿಸಿಕೊಂಡಿತು. ಏಷ್ಯಾಖಂಡದಿಂದ ಬಂದ, ಹಸುರು ಹೊಳಪಿನ ಒಂದು ಸಣ್ಣ ಕೀಟವು 2002ರಲ್ಲಿ ಡೆಟ್ರಾಯಿಟ್ ನಗರದ ಬಳಿ ಪತ್ತೆಯಾಗಿ, ಮರುವರ್ಷವೇ ಟೊಲೀಡೋವಿನ ಸುತ್ತಣ ಪ್ರದೇಶವನ್ನು ಹೊಕ್ಕು, ಆಶ್ ಮರಗಳನ್ನು ತೊಗಟೆಯ ಕೆಳಗಿನಿಂದ ಕೊರೆದು ಉರುಳಿಸಿತು.