ತೂಕ ಇಳಿಸುವ ಆತುರ ಬೇಡ

ಬೆಳೆಗಾರ ಬಂಧುಗಳೇ, ಹೊಟ್ಟೆ ಕರಗಿಸುವ ಹಂಬಲದಿಂದ ಕಳೆದ ಕೊಯ್ಲಿನಲ್ಲಿ ನಾವು ಮುದ್ದೆ, ಅನ್ನ ಬಿಟ್ಟೆವು. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಎಂದಿನಂತೆ ನುಂಗಿದೆವು. ಹೊನ್ನಾಳಿಯ ತೋಟದಲ್ಲೇ ಬೆವತು, ಕೈ ನಡುಗಿ ಕುಸಿದೆವು. ಕೊನೆಗಾರ ಕೊಟ್ಟ ಬೆಲ್ಲ ಉಳಿಸಿತು. (ಮನೆಯಲ್ಲಿ ಸಿಕ್ಕ ಬೈಗುಳ ಬೇರೆ!)

ಊಟ ಕಡಿಮೆಯಾದರೆ ಸಕ್ಕರೆ, ಬಿ.ಪಿ. ಗುಳಿಗೆಗಳ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಅದು ವೈದ್ಯರ ಕೆಲಸ, ತಾವಾಗಿ ನಿಲ್ಲಿಸಕೂಡದು. ವಾರಕ್ಕೆ ಅರ್ಧದಿಂದ 1 ಕಿಲೋ ಇಳಿದರೆ ಸಾಕು. ಬಹುಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಗೊನೆ ಹೊರುವ ರಟ್ಟೆಯೇ ಸೋತರೆ ಲಾಭವೇನು? ಬೇಳೆ, ಕಾಳು, ಮಜ್ಜಿಗೆ ಬಿಡಬೇಡಿ.

ಏನೂ ಮಾಡದೆಯೇ ತೂಕ ಇಳಿಯುತ್ತಿದ್ದರೆ ಹಿಗ್ಗಬೇಡಿ. ಕ್ಷಯವೋ, ಸಕ್ಕರೆ ಕಾಯಿಲೆಯೋ ಇದ್ದೀತು. ಕೊಯ್ಲು ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ ತೋರಿಸಿ.