ನೂರು ರೂಪಾಯಿ ಆಟೊ ಬಾಡಿಗೆಯಲ್ಲಿ ಯಾರ ಪಾಲು ಎಷ್ಟು?

ಬಸವಕಲ್ಯಾಣ ಕಡೆಯ ಗೋರ್ಟಾ (ಬಿ)ಯಿಂದ ದುಡಿಮೆಗೆ ಹೊರಟವರಿಗೆ ಹೈದರಾಬಾದ್, ಸೊಲ್ಲಾಪುರ ಹತ್ತಿರ, ಬೆಂಗಳೂರೇ ದೂರ. ಆದರೂ ಬೆಂಗಳೂರಿಗೆ ಹೋಗಿ ಆಟೊ ಹಿಡಿದವರು ಇದ್ದಾರೆ. ಕರಾವಳಿಯ ನಮ್ಮ ಹುಡುಗರೂ ಅದೇ ರಸ್ತೆಯಲ್ಲಿ ಓಡಿಸ್ತಾರೆ. ಹಬ್ಬಕ್ಕೆ ಬಂದಿದ್ದ ಗೋರ್ಟಾದ ಚಾಲಕರೊಬ್ಬರು ಮೊಬೈಲ್ ತೆರೆದು, "ಮೌಲಾನಾ ಸಾಬ್, ಗಿರಾಕಿ ಕೊಟ್ಟಿದ್ದು ಎಷ್ಟು, ನನಗೆ ಉಳಿದದ್ದು ಎಷ್ಟು ನೋಡ್ರಿ" ಅಂದರು. ಕೂಡಿಸಿ ಕಳೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾವ ಲೆಕ್ಕದಲ್ಲಿ ಕಳೆದರು ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ದರ ಕಟ್ಟುವುದು, ಬಿಲ್ ಮಾಡುವುದು, ಪಾಲು ಹಂಚುವುದು ಈ ಮೂರನ್ನೂ ಈಗ ಒಂದು ಆ್ಯಪ್ ಮಾಡ್ತದೆ. ಬೆಂಗಳೂರಿನಲ್ಲಿ ಇದೇ ದೊಡ್ಡ ಜಗಳವಾಯ್ತು. 2021ರ ಡಿಸೆಂಬರ್‌ನಿಂದ ಅಲ್ಲಿ ಸರಕಾರಿ ದರ ಮೊದಲ 2 ಕಿ.ಮೀ.ಗೆ 30 ರೂಪಾಯಿ, ಆಮೇಲೆ ಕಿ.ಮೀ.ಗೆ 15 ಇತ್ತು. ಆದರೆ ಆ್ಯಪ್‌ಗಳಲ್ಲಿ ಕನಿಷ್ಠ ಬಾಡಿಗೆಯೇ 100 ರೂಪಾಯಿ ತೆಗೀತಾರೆ ಅಂತ ದೂರುಗಳು ಬಂದವು. 2022ರ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಓಲಾ, ಊಬರ್, ರಾಪಿಡೊಗಳಿಗೆ ಆಟೊ ಸೇವೆ ನಿಲ್ಲಿಸಿ ಅಂತ ನೋಟಿಸ್ ಕೊಟ್ಟಿತು. ವಿಷಯ ಹೈಕೋರ್ಟ್‌ಗೆ ಹೋಯ್ತು. ನವೆಂಬರ್‌ನಲ್ಲಿ ಸರಕಾರ, ನಿಗದಿತ ದರದ ಮೇಲೆ ಶೇ. 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಬೇಕು ಅಂತ ಆದೇಶ ಹೊರಡಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ 2022ರ ನವೆಂಬರ್‌ನಲ್ಲಿ 'ನಮ್ಮ ಯಾತ್ರಿ' ಶುರುವಾಯ್ತು. ಆಟೊ ಚಾಲಕರ ಯೂನಿಯನ್ ಜೊತೆ ಸೇರಿ ಜಸ್‌ಪೇ ಅನ್ನೋ ಬೆಂಗಳೂರಿನ ಕಂಪೆನಿ ಮಾಡಿದ ಆ್ಯಪ್ ಅದು. ಬಾಡಿಗೆಯಲ್ಲಿ ಕಮಿಷನ್ ಇಲ್ಲ, ಹಣ ಗಿರಾಕಿಯ ಕೈಯಿಂದ ನೇರ ಚಾಲಕನ ಕೈಗೆ. ಮೊದಲು ಪುಕ್ಕಟೆ ಇತ್ತು. 2023ರಲ್ಲಿ ದಿನಕ್ಕೆ 25 ರೂಪಾಯಿ, ಇಲ್ಲವೇ ಒಂದು ಟ್ರಿಪ್‌ಗೆ 3.50 ರೂಪಾಯಿ ಅಂತ ಮಾಡಿದರು.

ಈ 25 ರೂಪಾಯಿ ಕಮ್ಮಿಯೋ ಹೆಚ್ಚೋ? ಜಿಎಸ್‌ಟಿ ಬದಿಗಿಟ್ಟು ನೋಡೋಣ. ಶೇ. 25 ಕಮಿಷನ್ ಅಂತ ಇಟ್ಟುಕೊಳ್ಳಿ. ದಿನಕ್ಕೆ ಬರೀ 100 ರೂಪಾಯಿ ದುಡಿದರೂ 25 ಹೋಯ್ತು, ಅಲ್ಲಿಗೆ ಸಮ. ಸಾವಿರ ದುಡಿದರೆ ಕಮಿಷನ್‌ಗೆ 250 ಹೋಗ್ತದೆ, ದಿನದ ಶುಲ್ಕ ಅದೇ 25. ಆದರೆ ಶೇ. 5ರ ಜೊತೆ ಹೋಲಿಸಿದರೆ 500 ರೂಪಾಯಿಗೆ ಸಮ. ಅದಕ್ಕಿಂತ ಕಮ್ಮಿ ದುಡಿದ ದಿನ ದಿನದ ಶುಲ್ಕವೇ ಭಾರ. ಮಳೆಯ ದಿನ, ಅರ್ಧ ದಿನ ಓಡಿಸುವವರಿಗೆ ಟ್ರಿಪ್ ಲೆಕ್ಕವೇ ಒಳ್ಳೇದು. ಏಳು ಟ್ರಿಪ್‌ಗೆ 24.50 ಆಗ್ತದೆ, ಎಂಟನೆಯದಕ್ಕೆ ದಿನದ ಶುಲ್ಕ ಅಗ್ಗ. ಇಷ್ಟನ್ನು ಒಂದು ಚೀಟಿಯ ಹಿಂದೆ ಬರೆದು ನೋಡಬಹುದು, ಆದರೆ ಹೆಚ್ಚಿನವರು ನೋಡೋದಿಲ್ಲ.

ಫಿಕ್ಹ್ ಪಾಠದಲ್ಲಿ ಇಜಾರಾ ಬಂದಾಗ, ಕೆಲಸಕ್ಕೆ ಮುಂಚೆಯೇ ಕೂಲಿ ಎಷ್ಟು ಅಂತ ಇಬ್ಬರಿಗೂ ತಿಳಿದಿರಬೇಕು ಅಂತ ಮಕ್ಕಳಿಗೆ ಹೇಳ್ತೇವೆ. ದಿನದ ಶುಲ್ಕ ಅಂದರೆ ಒಂದು ಸಾಧನದ ಬಾಡಿಗೆ, ಕಮಿಷನ್ ಅಂದರೆ ದಲಾಲಿ. ಎರಡರಲ್ಲೂ ತಪ್ಪಿಲ್ಲ. ಶೇಕಡಾ ಎಷ್ಟು ಅಂತ ಹೇಳದೆ ಟ್ರಿಪ್ ಮುಗಿದ ಮೇಲೆ ಕಳೆಯೋದು ಮಾತ್ರ ನನಗೆ ಸರಿ ಕಾಣೋದಿಲ್ಲ.

ದೊಡ್ಡ ಕಂಪೆನಿಗಳೂ ಆಮೇಲೆ ಇದೇ ದಾರಿ ಹಿಡಿದವು. ಊಬರ್ 2025ರ ಫೆಬ್ರವರಿಯಲ್ಲಿ ಆಟೊಗಳಿಗೆ ಕಮಿಷನ್ ಬಿಟ್ಟು ಶುಲ್ಕ ಪದ್ಧತಿಗೆ ಬಂತು. ಇದರಲ್ಲಿ ತೆರಿಗೆಯ ತಕರಾರೂ ಇದೆ. ರಸ್ತೆಯಲ್ಲಿ ಕೈ ತೋರಿಸಿ ಹತ್ತಿದ ಆಟೊಗೆ ಜಿಎಸ್‌ಟಿ ಇಲ್ಲ. ಆ್ಯಪ್‌ನಲ್ಲಿ ಕರೆದರೆ 2022ರ ಜನವರಿಯಿಂದ ಶೇ. 5. ಬರೀ ಶುಲ್ಕ ತೆಗೆದುಕೊಂಡು ಗಿರಾಕಿಯನ್ನು ತೋರಿಸಿಕೊಡುವ ಆ್ಯಪ್ ಈ ತೆರಿಗೆ ಕಟ್ಟಬೇಕೋ ಬೇಡವೋ? ರಾಜ್ಯದ ಜಿಎಸ್‌ಟಿ ಮುಂಗಡ ನಿರ್ಣಯ ಪ್ರಾಧಿಕಾರ 2023ರಲ್ಲಿ ನಮ್ಮ ಯಾತ್ರಿಯ ವಿಷಯದಲ್ಲಿ ಬೇಡ ಅಂದಿತು, 2024ರಲ್ಲಿ ಊಬರ್ ವಿಷಯದಲ್ಲಿ ಬೇಕು ಅಂದಿತು. ಬಿಲ್ ಯಾರ ಹೆಸರಿನದು ಅನ್ನೋದು ಚಿಕ್ಕ ಪ್ರಶ್ನೆ ಅಲ್ಲ ಅಂತ ಇದರಿಂದಲೇ ಗೊತ್ತಾಗ್ತದೆ.

ಇನ್ನೊಬ್ಬ ಪಾಲುದಾರ ಇದ್ದಾನೆ: ಗಾಡಿಯ ಮಾಲಕ. ಗಲ್ಫ್‌ನಲ್ಲಿ ದುಡಿದ ಹಣದಲ್ಲಿ ಆಟೊ ತೆಗೆದು ಪರಿಚಯದ ಹುಡುಗನಿಗೆ ಓಡಿಸಲು ಕೊಟ್ಟವರು ನಮ್ಮಲ್ಲಿ ಇದ್ದಾರೆ. ದಿನದ ಬಾಡಿಗೆ ಬಾಯಿ ಮಾತಿನಲ್ಲೇ. ಆ್ಯಪ್‌ನ ಶುಲ್ಕ ಯಾರು ಕೊಡಬೇಕು, ಗಾಡಿ ಗ್ಯಾರೇಜ್‌ನಲ್ಲಿ ನಿಂತ ದಿನ ಬಾಡಿಗೆ ಇದೆಯಾ, ಇನ್ಶೂರೆನ್ಸ್ ಯಾರ ತಲೆಗೆ, ಯಾವುದೂ ಬರೆದಿರೋದಿಲ್ಲ. ಸಂಬಂಧಿಕರೊಳಗೆ ಕಾಗದ ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತಾರೆ. ನಂಬಿಕೆ ಇದ್ದಾಗಲೇ ಬರೆಯೋದು ಸುಲಭ, ಜಗಳ ಆದ ಮೇಲೆ ಬರೆಯಲು ಯಾರೂ ಕೂರೋದಿಲ್ಲ.

ಗೋರ್ಟಾದ ಆ ಚಾಲಕರೂ ಬೇರೆಯವರ ಗಾಡಿಯನ್ನೇ ಓಡಿಸುವವರು. ಆ್ಯಪ್ ಕಳೆಯುವುದನ್ನು ತೋರಿಸುವ ಪುಟ ಅವರ ಮೊಬೈಲ್‌ನಲ್ಲಿದೆ. ಮಾಲಕರ ಜೊತೆಗಿನ ಲೆಕ್ಕಕ್ಕೆ ಈಗ 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡಿದ್ದಾರೆ. ವಾರಕ್ಕೊಮ್ಮೆ ಇಬ್ಬರೂ ಸಹಿ ಹಾಕಬೇಕು ಅಂತ ಮಾತಾಗಿದೆ.